ಸರಕು ಸಾಗಣೆದಾರರ ನೋಂದಣಿ: ವರ್ತಕರು ಗಮನಿಸಬೇಕಾದ ಅಂಶಗಳು

1865ರ ಕ್ಯಾರಿಯರ್ಸ್ ಕಾಯ್ದೆಯ ಸ್ಥಾನದಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆಯು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಇದರನ್ವಯ, ಸಾರ್ವಜನಿಕರ ಸರಕನ್ನು ಬಾಡಿಗೆಗೆ ಸಾಗಿಸುವ ಸಂಸ್ಥೆಗಳಷ್ಟೇ ಅಲ್ಲದೆ ಬುಕಿಂಗ್ ಏಜೆಂಟರು ಹಾಗೂ ದಲ್ಲಾಳಿಗಳೂ ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಪಡೆದಿರತಕ್ಕದ್ದು. ಪ್ರಮಾಣಪತ್ರದ ಅವಧಿ 10 ವರ್ಷ. ಸರಕು ಒಪ್ಪಿಸುವ ಮುನ್ನ ಅದರಲ್ಲಿನ ಹೆಸರು, ವಿಳಾಸಗಳನ್ನು ರಸೀದಿಯೊಂದಿಗೆ ತಾಳೆ ನೋಡುವುದು ಅಗತ್ಯ.

ನೋಂದಣಿಯಿದ್ದ ಮಾತ್ರಕ್ಕೆ, ನಷ್ಟವಾದಾಗ ಸರಕಿನ ಪೂರ್ಣ ಮೌಲ್ಯ ದೊರೆಯುವುದೆಂದು ಭಾವಿಸಲಾಗದು. ಅಧಿಕ ಅಪಾಯ ದರವನ್ನು ಒಪ್ಪದಿದ್ದಲ್ಲಿ ಸಾಗಣೆದಾರರ ಹೊಣೆಯು ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟು ಮೊತ್ತಕ್ಕೆ ಸೀಮಿತ. ಉದಾಹರಣೆಗೆ, 5 ಲಕ್ಷ ರೂ. ಮೌಲ್ಯದ ಯಂತ್ರಕ್ಕೆ 6,000 ರೂ. ಬಾಡಿಗೆಯಾದರೆ ಪರಿಹಾರದ ಮಿತಿ 60,000 ರೂ. ಮಾತ್ರ. ಬೆಲೆಬಾಳುವ ಸರಕಿಗೆ ಅಧಿಕ ದರವನ್ನು ಲಿಖಿತವಾಗಿ ಒಪ್ಪುವುದು ಅಥವಾ ಪ್ರತ್ಯೇಕ ವಿಮೆ ಮಾಡಿಸುವುದು ಲೇಸು. ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ನೀಡದಿದ್ದಲ್ಲಿ ನಷ್ಟಕ್ಕಾಗಿ ದಾವೆ ಹೂಡಲು ಬರುವುದಿಲ್ಲ.