ಅರಮನೆಗೆ ಬಂದ ಬಾಲೆ

ಎಸ್ತೇರಳ ಪುಸ್ತಕವನ್ನು ನಾವು ಕೂಟಗಳಲ್ಲಿ ಅನೇಕಾವರ್ತಿ ಓದಿದ್ದೇವೆ. ತಾಯಿತಂದೆಗಳಿಲ್ಲದ ಆ ಹುಡುಗಿಯನ್ನು ಶೂಷನಿನ ಅರಮನೆಗೆ ಕರೆದೊಯ್ದಾಗ, ನಿನಗೆ ಮನಸ್ಸುಂಟೋ ಎಂದು ಯಾರೂ ಕೇಳಿದಂತೆ ಅಲ್ಲಿ ಬರೆದಿಲ್ಲ. ರಾಣಿಯಾಗುವುದು ದೊಡ್ಡ ಭಾಗ್ಯವೆಂದು ಹೊರಗಿನವರು ಎಣಿಸುತ್ತಾರೆ. ಅದೇ ಕಿರೀಟವನ್ನು ಮೊದಲು ಧರಿಸಿದ್ದ ವಷ್ಟಿಗೆ ಏನಾಯಿತೆಂಬದನ್ನು ಒಳಗಿನವರು ಬಲ್ಲರು. ನಮ್ಮ ಮೈಸೂರು ಸೀಮೆಯಲ್ಲಿಯೂ ಹೀಗೆ ಅರಮನೆಗೆ ಬಂದ ಒಬ್ಬ ಬಾಲೆಯ ಚರಿತ್ರೆಯುಂಟು. ಹರದನಹಳ್ಳಿಯವರಿಗೆ ಅದು ದೂರದ ಮಾತಲ್ಲ, ಯಾಕಂದರೆ ಅದರ ಬೇರು ನೆರೆಯ ಚಾಮರಾಜನಗರದಲ್ಲಿಯೇ ಇದೆ.

ಆ ಪಟ್ಟಣಕ್ಕೆ ಮೊದಲು ಅರಿಕುಠಾರವೆಂದು ಹೆಸರು. 1761ರಿಂದ ರಾಜ್ಯದ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ಒಡೆಯರು ಹೆಸರಿಗೆ ಮಾತ್ರ ಅರಸರು. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮಗನು 1770ರಲ್ಲಿ ಕತ್ತು ಹಿಸುಕಿ ಕೊಲ್ಲಲ್ಪಟ್ಟನೆಂದು ವಿಲ್ಕ್ಸ್ ದೊರೆಯು ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಅವನ ತಮ್ಮನೂ 1776ರಲ್ಲಿ ಸಂತಾನವಿಲ್ಲದೆ ಸತ್ತನು. ಆಗ ಹೈದರನು ರಾಜಬಂಧುಗಳ ಕೂಸುಗಳನ್ನು ಕೂಡಿಸಿ, ಆಟದ ಸಾಮಾನು, ಹಣ್ಣು, ಆಯುಧಗಳನ್ನು ಮುಂದೆ ಹರಡಿಸಿದನಂತೆ. ಒಂದು ಮಗು ಬಲಗೈಯಲ್ಲಿ ಕಠಾರಿಯನ್ನೂ ಎಡಗೈಯಲ್ಲಿ ನಿಂಬೆಹಣ್ಣನ್ನೂ ಹಿಡಿಯಿತು. ಇವನೇ ಅರಸನೆಂದು ಹೈದರನು ಹೇಳಿದನು. ಅರಿಕುಠಾರದ ಮನೆತನದ ಚಾಮರಾಜನು ಅರಸನಾದದ್ದು ಹೀಗೆ. ಆಟವಾಡುವ ಕೂಸಿಗೆ ಸಿಂಹಾಸನದ ಸಂಗತಿ ಏನು ಗೊತ್ತು?

ಕಠಾರಿ ಹಿಡಿದ ಆ ಮಗು ಬೆಳೆದು ದೊಡ್ಡವನಾಗಿ ಸತ್ತದ್ದು ಕಠಾರಿಯಿಂದಲ್ಲ. 1796ರಲ್ಲಿ ಸಿಡುಬು ಅವನನ್ನು ಕೊಂಡುಹೋಯಿತು. ಎರಡು ವರುಷ ತುಂಬದ ಅವನ ಮಗನನ್ನು ಇಮ್ಮಡಿ ಕೃಷ್ಣರಾಜರ ವಿಧವೆಯಾದ ಲಕ್ಷ್ಮಮ್ಮಣ್ಣಿಯವರು ಸಾಕಿದರು. ಟಿಪ್ಪುವಿನ ಮರಣವಾದ ಮೇಲೆ, 1799ನೇ ಜೂನ್ 30ರಂದು ಆ ಬಾಲಕನೇ ಮುಮ್ಮಡಿ ಕೃಷ್ಣರಾಜ ಒಡೆಯರೆಂಬ ಹೆಸರಿನಿಂದ ಪಟ್ಟವನ್ನೇರಿದನು. ಪೂರ್ಣಯ್ಯನವರು ದಿವಾನರಾಗಿ ರಾಜ್ಯವನ್ನು ನಡೆಸಿದರು. ಇಷ್ಟು ಸಾವುಗಳನ್ನು ಕಂಡ ಆ ಅಜ್ಜಿಗೆ ಉಳಿದದ್ದು ಇವನೊಬ್ಬನೇ.

1805ರಲ್ಲಿ ಈ ಬಾಲ ಅರಸನಿಗೆ ಮದುವೆಯಾಗಿ ದೇವಾಜಮ್ಮಣ್ಣಿ ಎಂಬ ಬಾಲೆ ಅರಮನೆಗೆ ಬಂದಳು. ಅವಳಿಗೆ ಸುಮಾರು ಹನ್ನೆರಡು ವರುಷ. ಅರಸನ ಪ್ರಾಯವೂ ಹೆಚ್ಚುಕಡಿಮೆ ಅಷ್ಟೇ. ಹುಡುಗಿಯ ಮನಸ್ಸನ್ನು ಕೇಳುವ ಪದ್ಧತಿ ಆ ದಿನಗಳಲ್ಲಿ ಅರಮನೆಯಲ್ಲಿಯೂ ಇಲ್ಲ, ಗುಡಿಸಲಿನಲ್ಲಿಯೂ ಇಲ್ಲ. ಕಾದಂಬರಿ ಬರೆಯುವವರು ಅವಳು ಪಲ್ಲಕ್ಕಿಯೊಳಗೆ ಅತ್ತಳೆಂದು ಬರೆದಾರು. ತೌರೂರಿನ ಕಡೆಗೆ ಹಿಂದಿರುಗಿ ನೋಡಿದಳೆಂದೂ ಬರೆದಾರು. ಬರೆಯಲಿ. ತೌರನ್ನು ಬಿಟ್ಟು ಬಂದ ನಮ್ಮ ತಾಯಂದಿರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳಿಗಾಗಿ ಅಲ್ಲಿ ಕಾದಿದ್ದ ಸಂಗತಿಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಾಮರಾಜರು ಸತ್ತ ಅದೇ 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯನು, ಹಸುವಿನ ಸಿಡುಬು ತಗಲಿದ ಹಾಲು ಕರೆಯುವವಳೊಬ್ಬಳ ಕೈಗುಳ್ಳೆಯ ನೀರನ್ನು ಎಂಟು ವರುಷದ ಹುಡುಗನ ತೋಳಿಗೆ ಹಾಕಿದನು. ಆ ಹುಡುಗನಿಗೆ ಮುಂದೆ ಮನುಷ್ಯರ ಸಿಡುಬು ಹತ್ತಲಿಲ್ಲ. ನಮ್ಮ ಹಿರಿಯರು ದಾಕು ಹಾಕಿಸುವದೆಂದು ಕರೆದದ್ದು ಇದನ್ನೇ. ಆದರೆ ಆ ನೀರು ಬಿಸಿಲಿಗೆ ಕೆಡುತ್ತಿತ್ತು. ಹಡಗಿನಲ್ಲಿ ಕಳುಹಿಸಿದ್ದು ಎಷ್ಟೋ ಸಾರಿ ನಿಷ್ಫಲವಾಯಿತು. ಕಡೆಗೆ ಬಾಗ್ದಾದು, ಬಸ್ರಾಗಳ ದಾರಿಯಿಂದ ಬಂದ ನೀರನ್ನು 1802ನೇ ಜೂನ್ 14ರಂದು ಬೊಂಬಾಯಿಯಲ್ಲಿ ಆನ್ನಾ ಡಸ್ಟಾಲ್ ಎಂಬ ಮೂರು ವರುಷದ ಮಗುವಿನ ತೋಳಿಗೆ ಹಾಕಿದಾಗ ಅದು ಹತ್ತಿತು. ಆ ಮಗುವಿನ ತೋಳಿನಿಂದ ಬೇರೆ ಮಕ್ಕಳಿಗೆ, ಅವರಿಂದ ಇನ್ನೂ ಬೇರೆಯವರಿಗೆ, ಹೀಗೆ ತೋಳಿನಿಂದ ತೋಳಿಗೆ ಸಾಗಿ ದೇಶದಲ್ಲೆಲ್ಲಾ ಹರಡಿತು.

ಇಲ್ಲಿ ನಿಲ್ಲಿರಿ. ತೋಳಿನಿಂದ ತೋಳಿಗೆ ಅಂದರೆ ಒಂದು ಜಾತಿಯ ಮಗುವಿನ ಮೈಯ ನೀರು ಮತ್ತೊಂದು ಜಾತಿಯ ಮಗುವಿನ ರಕ್ತಕ್ಕೆ ಸೇರುವದು. ಬಾವಿಯ ಹಗ್ಗವನ್ನೂ ಮುಟ್ಟಗೊಡದ ಊರುಗಳಲ್ಲಿ ಇದು ಎಷ್ಟು ದೊಡ್ಡ ಮಾತೆಂದು ನಮ್ಮ ಜನರಿಗೆ ವಿವರಿಸಬೇಕಾದದ್ದಿಲ್ಲ. ಸಿಡುಬನ್ನು ಅಮ್ಮನೆಂದು ಪೂಜಿಸುವವರಿಗಂತೂ ಅವಳ ಕೋಪದ ಭಯ ಬೇರೆ. ಹೊಸದಾಗಿ ಬಂದ ಕುಂಪಣಿಯವರು ಹೇಳಿದ್ದನ್ನು ನಂಬುವವರು ಯಾರು? ಅರಮನೆಯೇ ಮುಂದೆ ಬಂದರೆ ಜನರು ನಂಬಿಯಾರೆಂದು ಎಣಿಸಿ, ಹೊಸ ರಾಣಿಯ ತೋಳಿಗೆ ದಾಕು ಹಾಕಿಸಿದರು.

ಆ ಕಾಲದಲ್ಲಿ ಥಾಮಸ್ ಹಿಕ್ಕಿ ಎಂಬ ಐರ್ಲೆಂಡಿನ ಚಿತ್ರಕಾರನು ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಬಹುಕಾಲ ಅವರು ನಾಟ್ಯದ ಹೆಂಗಸರೆಂದು ಎಣಿಸಲ್ಪಟ್ಟಿದ್ದರು. ಅವರು ಮೈಸೂರಿನ ರಾಣೀವಾಸದವರೆಂದೂ, ಬಲಗಡೆಯವಳು ಈ ದೇವಾಜಮ್ಮಣ್ಣಿ ಎಂದೂ ನೈಜಲ್ ಚಾನ್ಸೆಲರ್ ಎಂಬ ಚರಿತ್ರಕಾರರು ತೀರ್ಮಾನಿಸಿದ್ದಾರೆ. ಅವಳು ಸೀರೆಯ ಸೆರಗನ್ನು ಒತ್ತಟ್ಟಿಗೆ ಸರಿಸಿ, ದಾಕು ಹಾಕಿದ ಸ್ಥಳವನ್ನು ತೋರಿಸುತ್ತಿರುವಂತಿದೆ. ಎಡಗಡೆಯವಳು ಹಿರಿಯ ರಾಣಿ. ಅವಳ ಹೆಸರೂ ದೇವಾಜಮ್ಮಣ್ಣಿಯೇ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಚಿಕಿತ್ಸೆಯ ಕಲೆ ಅವಳ ಮೂಗಿನ ಕೆಳಗೆ ಕಾಣುತ್ತದೆಂದು ಅವರು ಹೇಳುತ್ತಾರೆ. ಪರಪುರುಷರ ಕಣ್ಣಿಗೆ ಬೀಳದ ರಾಣೀವಾಸದ ಹುಡುಗಿಯು ತೋಳನ್ನು ತೋರಿಸುತ್ತಾ ಪರದೇಶದವನ ಮುಂದೆ ನಿಂತಳು! ರಾಣಿಯವರನ್ನು ನೋಡಿ ಜನರು ದಾಕು ಹಾಕಿಸಿಕೊಳ್ಳಲು ಮುಂದೆ ಬಂದರೆಂದು 1806ನೇ ಜುಲೈ ತಿಂಗಳ ಒಂದು ಪ್ರಕಟಣೆಯಲ್ಲಿದೆ.

ಇವಳನ್ನು ಇನ್ನೊಬ್ಬ ಎಸ್ತೇರಳೆಂದು ಹೊಗಳುವದು ನನಗೆ ಸರಿತೋರದು. ಎಸ್ತೇರಳು ಮೂರು ದಿನ ಉಪವಾಸವಿದ್ದು, ಸತ್ತರೂ ಸಾಯುವೆನೆಂದು ತಾನೇ ನಿಶ್ಚಯಿಸಿ ಅರಸನ ಮುಂದೆ ಹೋದಳು. ಈ ಬಾಲೆಯ ತೋಳನ್ನು ಹಿರಿಯರು ಹಿಡಿದು ಒಡ್ಡಿದರು. ಆದರೂ ಆ ಹಿರಿಯರಲ್ಲಿ ಸಿಡುಬಿಗೆ ಒಬ್ಬ ಅರಸನನ್ನು ಒಪ್ಪಿಸಿದ್ದ ಲಕ್ಷ್ಮಮ್ಮಣ್ಣಿಯವರು ಇದ್ದರೆಂಬದನ್ನು ಮರೆಯಬಾರದು.

ಮುಮ್ಮಡಿಯವರು 1818ರಲ್ಲಿ ತಂದೆ ಹುಟ್ಟಿದ ಅರಿಕುಠಾರಕ್ಕೆ ತಂದೆಯ ಹೆಸರನ್ನೇ ಇಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ನಮ್ಮ ದೇಶದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ. ದಾಕಿನ ಗುರುತು ಹಳಬರ ತೋಳುಗಳಲ್ಲಿ ಇನ್ನೂ ಕಾಣುತ್ತದೆ. ಪಾಠವನ್ನು ಓದುವಾಗ ಮಕ್ಕಳಿಗೆ ಅದನ್ನು ತೋರಿಸಿರಿ.