ಕಲ್ಲಿನಂಥ ಮಣ್ಣು: ಜಾಡಿ ಮಾಡುವವನ ದುಡಿಮೆ

ಊರಿನಿಂದ ಉಪ್ಪಿನಕಾಯಿ ತುಂಬಿ ತರುವ ಪಿಂಗಾಣಿ ಜಾಡಿ ನಮ್ಮೆಲ್ಲರಿಗೂ ಪರಿಚಿತ. ಉಪ್ಪು ಹುಳಿಗಳು ಲೋಹವನ್ನು ತಿನ್ನುತ್ತವೆ. ಜಾಡಿಯನ್ನು ಏನೂ ಮಾಡಲಾರವು. ಈ ಬಗೆಯ ಪಾತ್ರೆಗೆ ಸ್ಟೋನ್‌ವೇರ್, ಎಂದರೆ ಕಲ್ಲಿನಂಥ ಮಣ್ಣಿನ ಪಾತ್ರೆ, ಎಂದು ಹೆಸರು. ಜಾಡಿ, ಬಟ್ಟಲು, ತಟ್ಟೆಗಳನ್ನು ಕೈಯಿಂದಲೇ ಮಾಡಿ ಬದುಕುವವನ ದುಡಿಮೆ ಎಂಥದೆಂದು ಈ ಪಾಠದಲ್ಲಿ ನೋಡೋಣ.

ನೀರಿನ ಮಡಕೆಯೂ ಮಣ್ಣು, ಜಾಡಿಯೂ ಮಣ್ಣು. ಭೇದವಿರುವುದು ಮಣ್ಣಿನ ಜಾತಿಯಲ್ಲಿ ಮತ್ತು ಬೆಂಕಿಯಲ್ಲಿ. ಮಡಕೆ ಸಾಮಾನ್ಯವಾಗಿ 1000 ಡಿಗ್ರಿ ಸೆಂಟಿಗ್ರೇಡಿನೊಳಗೇ ಬೇಯುತ್ತದೆ. ಅದರಲ್ಲಿ ಉಳಿದ ಸೂಕ್ಷ್ಮ ರಂಧ್ರಗಳಿಂದ ನೀರು ಒಸರಿ ಆರುವುದರಿಂದಲೇ ಒಳಗಿನ ನೀರು ತಂಪು. ಜಾಡಿಗೆ 1200ರಿಂದ 1300 ಡಿಗ್ರಿ ಕಾವು ಬೇಕು. ಆಗ ಮಣ್ಣಿನ ಒಂದಂಶ ಕರಗಿ, ಗಾಜಿನಂತಾಗಿ, ರಂಧ್ರಗಳನ್ನು ಮುಚ್ಚುತ್ತದೆ.

ಈ ಕಸುಬು ನಾವಿರುವ ನಗರಗಳಿಗೆ ದೂರದ್ದಲ್ಲ. ಜಪಾನಿನಲ್ಲಿ ಕಲಿತು ಬಂದ ಸರ್ದಾರ್ ಗುರುಚರಣ್ ಸಿಂಗ್ ಅವರು 1952ರಲ್ಲಿ ದೆಹಲಿಯಲ್ಲಿ ತಮ್ಮ ಕುಂಬಾರಿಕೆ ಕಾರ್ಯಾಗಾರವನ್ನು ಸ್ಥಾಪಿಸಿದರು. ಮದರಾಸಿಗೆ ಸಮೀಪದ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಎಂಬ ಅಮೆರಿಕನ್ನರು 1971ರಲ್ಲಿ ಗೋಲ್ಡನ್ ಬ್ರಿಜ್ ಪಾಟರಿಯನ್ನು ಆರಂಭಿಸಿದರು.

ತಿಗುರಿಯ ಮೇಲೆ ಬಟ್ಟಲು ಏಳುವುದು ಕೆಲವೇ ನಿಮಿಷಗಳಲ್ಲಿ. ನೋಡುವವರಿಗೆ ಅದೇ ಇಡೀ ಕೆಲಸವೆಂದು ತೋರುತ್ತದೆ. ಆದರೆ ಅದಕ್ಕೆ ಮೊದಲು ಮಣ್ಣನ್ನು ಗಾಳಿಗುಳ್ಳೆ ಉಳಿಯದಂತೆ ನಾದಬೇಕು. ಬಟ್ಟಲು ಅರೆ ಒಣಗಿದಾಗ ತಳ ಹೆರೆದು ಹಿಡಿ ಅಂಟಿಸಬೇಕು. ಬಳಿಕ ನಿಧಾನವಾಗಿ ಒಣಗಿಸಬೇಕು. ಒಂದು ಕಡೆ ಬೇಗ ಒಣಗಿದರೆ ಬಿರುಕು. ಒಣಗಿದ್ದನ್ನು ಸುಮಾರು 1000 ಡಿಗ್ರಿಯಲ್ಲಿ ಒಮ್ಮೆ ಸುಟ್ಟು, ಮೆರುಗಿನ ನೀರಿನಲ್ಲಿ ಅದ್ದಿ, ಮತ್ತೊಮ್ಮೆ ದೊಡ್ಡ ಕಾವಿನಲ್ಲಿ ಸುಡಬೇಕು. ತಳದ ಮೆರುಗನ್ನು ಒರೆಸದಿದ್ದರೆ ಪಾತ್ರೆ ಭಟ್ಟಿಯ ಹಲಗೆಗೆ ಅಂಟಿಕೊಳ್ಳುತ್ತದೆ.

ಇದರಲ್ಲಿ ಲೆಕ್ಕವೂ ಇದೆ. ಒಣಗುವಾಗಲೂ ಬೇಯುವಾಗಲೂ ಮಣ್ಣು ಕುಗ್ಗುತ್ತದೆ. ನೂರಕ್ಕೆ 12ರಂತೆ ಕುಗ್ಗುವ ಮಣ್ಣಾದರೆ, 11 ಸೆಂಟಿಮೀಟರ್ ಎತ್ತರದ ಬಟ್ಟಲಿಗೆ ಹಸಿಯಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ಎತ್ತಬೇಕು. ಮುಚ್ಚಳವೂ ಜಾಡಿಯೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಎರಡೂ ವ್ಯರ್ಥ.

ಕೊನೆಯ ತೀರ್ಪು ಭಟ್ಟಿಯದು. ಕಾವು ಕಡಿಮೆಯಾದರೆ ಮೆರುಗು ಕರಗದು. ಮಿತಿಮೀರಿದರೆ ಪಾತ್ರೆ ಸೊಟ್ಟಗಾಗುತ್ತದೆ. ಬೆಂಕಿ ಆರಿದ ಮೇಲೂ ಕಾಯಬೇಕು. ಅವಸರಪಟ್ಟು ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಗಲಿ ಸೀಳುತ್ತದೆ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯಿದೆ. ಇಲ್ಲಿ ದೊಣ್ಣೆಯೂ ಬೇಡ.

ತಿಂಗಳ ಸಂಬಳ ಪಡೆಯುವ ನಾವು ಇದನ್ನು ಯೋಚಿಸಬೇಕು. ಅವನ ಸಂಬಳದ ದಿನ ಭಟ್ಟಿ ತೆರೆಯುವ ದಿನ. ನೂರು ಬಟ್ಟಲು ಮಾಡಿ ಹದಿನೈದು ಕೆಟ್ಟರೆ, ಆ ಹದಿನೈದರ ಮಣ್ಣು, ಉರುವಲು, ಕೂಲಿಗಳನ್ನು ಉಳಿದ ಎಂಬತ್ತೈದೇ ಹೊರಬೇಕು. ಬೆಲೆ ಹೆಚ್ಚೆಂದು ಚೌಕಾಸಿ ಮಾಡುವಾಗ ನಮಗೆ ಕಾಣದಿರುವುದು ಈ ಹದಿನೈದು.

ಕೊಳ್ಳುವಾಗ ಹೀಗೆ ಪರೀಕ್ಷಿಸಿ: ಬೆರಳಿನಿಂದ ತಟ್ಟಿದರೆ ದನಿ ಖಣಿಲೆನ್ನಬೇಕು. ತಳದ ಮೆರುಗಿಲ್ಲದ ಭಾಗಕ್ಕೆ ಹನಿ ನೀರು ಹಾಕಿದರೆ ಹೀರಬಾರದು. ಮುಚ್ಚಳ ಅಲುಗದೆ ಕೂರಬೇಕು. ಈ ಮೂರೂ ಸರಿಯಿದ್ದರೆ, ಕೇಳಿದ ಬೆಲೆ ನ್ಯಾಯವಾದದ್ದೇ ಎಂದು ತಿಳಿಯೋಣ.