ಮೊದಲ ಲಾರಿ: ಹಳೆಯ ವಾಹನ ಖರೀದಿಗೆ ಮುನ್ನ ಮಾಡಬೇಕಾದ ಪರಿಶೀಲನೆ

ಹೂವಿನಹಡಗಲಿ ತಾಲ್ಲೂಕಿನ ಮಾಗಳ ಹಾಗೂ ಸುತ್ತಲಿನ ಗ್ರಾಮಗಳಲ್ಲಿ, ಕೆಲವು ವರ್ಷ ಚಾಲಕರಾಗಿ ದುಡಿದ ಯುವಕರು ಸ್ವಂತ ಲಾರಿ ಹೊಂದಲು ಬಯಸುವುದು ಸಹಜವಾಗಿದೆ. ನಮ್ಮ ಭಾಗದ ಮೆಕ್ಕೆಜೋಳ, ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಇವುಗಳಿಂದಾಗಿ ಸಾಗಣೆಗೆ ಸರಕಿನ ಕೊರತೆಯಿಲ್ಲ. ಹೊಸ ವಾಹನದ ಬೆಲೆ ಕೈಗೆಟುಕದ ಕಾರಣ ಮೊದಲ ಲಾರಿಯು ಬಹುತೇಕ ಹಳೆಯದೇ ಆಗಿರುತ್ತದೆ. ಅದಕ್ಕಾಗಿ ಹೊಲವೋ, ಮನೆಯವರ ಬಂಗಾರವೋ ಅಡವಾಗುತ್ತದೆ. ಸಾಲಕ್ಕೆಂದು ಮನೆಯ ನಮೂನೆ 9 ಕೇಳಿ ಪಂಚಾಯಿತಿಗೆ ಬರುವವರಲ್ಲಿ ಅನೇಕರು ಎಂಜಿನ್ ಸದ್ದನ್ನು ಮಾತ್ರ ಕೇಳಿ ಮುಂಗಡ ಕೊಟ್ಟಿರುತ್ತಾರೆ. ಎಂಜಿನ್ ಕೆಟ್ಟರೆ ಖರ್ಚು ಮಾಡಿ ಸರಿಪಡಿಸಬಹುದು; ಚಾಸಿಸ್ ಮತ್ತು ದಾಖಲೆ ಕೆಟ್ಟಿದ್ದರೆ ಸರಿಪಡಿಸುವುದು ಬಹಳ ಕಷ್ಟ. ಆದ್ದರಿಂದ ಪರಿಶೀಲನೆಯು ಇವೆರಡರಿಂದಲೇ ಆರಂಭವಾಗತಕ್ಕದ್ದು.

ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಹಳೆಯ ಲಾರಿ ಯಾವ ಸರಕು ಹೊತ್ತಿತ್ತು ಎಂಬುದು ಮೊದಲ ಪ್ರಶ್ನೆ. ಒಂದು ಘನ ಮೀಟರ್ ಮೆಕ್ಕೆಜೋಳವು ಸುಮಾರು 0.7 ಟನ್ ತೂಗಿದರೆ, ಅಷ್ಟೇ ಜಾಗದ ಕಬ್ಬಿಣದ ಅದಿರು 2 ಟನ್‌ಗೂ ಮಿಕ್ಕಿ ತೂಗುತ್ತದೆ. ತೊಟ್ಟಿಯ ಅಂಚಿನವರೆಗೆ ಅದಿರು ತುಂಬಿಸಿ ಓಡಿದ ವಾಹನವು ತನ್ನ ಮಿತಿಯನ್ನು ಎಷ್ಟೋ ಮೀರಿ ಹೊತ್ತಿರುತ್ತದೆ. ಹೊಸ ಬಣ್ಣ ಬಳಿದಿದ್ದರೂ ಕ್ಯಾಬಿನ್ ಹಿಂಬದಿಯ ಸಂದುಗಳಲ್ಲಿ, ಚಾಸಿಸ್ ಪಟ್ಟಿಯ ಒಳಮಗ್ಗುಲಲ್ಲಿ ಕೆಂಪು ದೂಳು ಉಳಿದಿರುತ್ತದೆ. ಬೆರಳಿನಿಂದ ಒರೆಸಿ ನೋಡಬೇಕು. ಅದಿರು ಸಾಗಿಸಿದ್ದೇ ದೋಷವೆಂದಲ್ಲ, ಆದರೆ ಅಂಥ ವಾಹನದ ಅಡಿಭಾಗವನ್ನು ಇಮ್ಮಡಿ ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ಅಡಿಭಾಗವನ್ನು ಹಗಲು ಬೆಳಕಿನಲ್ಲಿ, ನೆಲಕ್ಕೆ ಚೀಲ ಹಾಸಿ ಮಲಗಿಯೇ ನೋಡತಕ್ಕದ್ದು. ಕ್ಯಾಬಿನ್‌ನ ಹಿಂದೆ, ಹಿಂಬದಿ ಕಮಾನು ಪಟ್ಟಿಗಳ ಬ್ರಾಕೆಟ್‌ಗಳ ಸುತ್ತ, ಅಡ್ಡಪಟ್ಟಿಗಳು ಕೂಡುವಲ್ಲಿ ಬಿರುಕು ಮೂಡುವುದು ಹೆಚ್ಚು. ಬಿರುಕು ಬರಿಗಣ್ಣಿಗೆ ಕಾಣದಿದ್ದರೂ ಅದರಿಂದ ಹೊರಬಿದ್ದ ತುಕ್ಕು ಗೆರೆಯಾಗಿ ಕಾಣುತ್ತದೆ. ಒಂದೇ ಕಡೆ ಬಣ್ಣ ಹೊಸದಾಗಿದ್ದರೆ, ವೆಲ್ಡಿಂಗ್ ಗುರುತು ಅಥವಾ ಮೇಲೆ ಹೊದಿಸಿದ ಪಟ್ಟಿ ಇದ್ದರೆ ಕಾರಣ ಕೇಳಬೇಕು. ರಿವೆಟ್‌ಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದರೆ ಅದು ಸಡಿಲವಾಗಿರಬಹುದು. ಒದ್ದೆ ನೆಲದ ಮೇಲೆ ಲಾರಿಯನ್ನು ನೇರವಾಗಿ ಓಡಿಸಿ ಚಕ್ರದ ಗುರುತುಗಳನ್ನು ನೋಡುವುದೂ ಉತ್ತಮ ವಿಧಾನ: ಹಿಂಚಕ್ರಗಳ ಗುರುತು ಮುಂಚಕ್ರಗಳದ್ದಕ್ಕಿಂತ ಒಂದೇ ಮಗ್ಗುಲಿಗೆ ಸರಿದಿದ್ದರೆ ಚಾಸಿಸ್ ಬಾಗಿದೆ ಅಥವಾ ಆಕ್ಸಲ್ ತನ್ನ ಸ್ಥಾನದಿಂದ ಜರುಗಿದೆ ಎಂದರ್ಥ.

ಟ್ರೇಲರ್ ಲಾರಿ ಕೊಳ್ಳುವವರು ಎಳೆಯುವ ವಾಹನ ಮತ್ತು ಟ್ರೇಲರ್ ಎರಡರ ನೋಂದಣಿಯನ್ನೂ ಕೇಳಬೇಕು. ಟ್ರೇಲರ್‌ನ ಕೆಳಗಿರುವ, ಫಿಫ್ತ್ ವೀಲ್‌ಗೆ ಸಿಕ್ಕಿಕೊಳ್ಳುವ ಕಿಂಗ್ ಪಿನ್ ಸವೆದಿದೆಯೇ ಎಂದು ಅಳೆಯಬೇಕು. ಎರಡಂಗುಲದ ಪಿನ್ ಹೊಸದಿದ್ದಾಗ 50.8 ಮಿ.ಮೀ. ಇರುತ್ತದೆ, 49 ಮಿ.ಮೀ.ಗೆ ಸವೆದಿದ್ದರೆ ಬದಲಿಸಲೇಬೇಕು. ವರ್ನಿಯರ್ ಮಾಪಕ ಯಾವ ಲೇಥ್ ಅಂಗಡಿಯಲ್ಲಾದರೂ ದೊರೆಯುತ್ತದೆ.

ಎಂಜಿನ್ ಅನ್ನು ತಣ್ಣಗಿದ್ದಾಗಲೇ ಚಾಲೂ ಮಾಡಿಸತಕ್ಕದ್ದು. ನೀವು ಹೋಗುವ ಮೊದಲೇ ಅದನ್ನು ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ನಿಲ್ಲದೆ ಬರುವ ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದರ ಲಕ್ಷಣ. ಆಯಿಲ್ ಹಾಲು ಬೆರೆಸಿದಂತಿದ್ದರೆ ಅದಕ್ಕೆ ನೀರು ಸೇರಿದೆ. ಏರ್ ಬ್ರೇಕ್‌ಗೆ ಗಾಳಿ ಪೂರ್ಣ ತುಂಬಿದ ನಂತರ ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಮಾಪಕದ ಮುಳ್ಳನ್ನು ಗಮನಿಸಿ. ಅದು ಬೇಗ ಇಳಿದರೆ ಎಲ್ಲಿಯೋ ಸೋರಿಕೆಯಿದೆ. ಟೈರಿನ ಪಾರ್ಶ್ವದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಗಳಲ್ಲಿ ಯೂರಿಯಾ ದ್ರಾವಣದ ವ್ಯವಸ್ಥೆಯನ್ನು ತಪ್ಪಿಸಿ ಓಡಿಸಿರುವ ಸಾಧ್ಯತೆಯೂ ಇದೆ. ಅಧಿಕೃತ ಸೇವಾ ಕೇಂದ್ರದಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿಸುವುದು ಒಳಿತು.

ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಅಕ್ಷರಶಃ ಹೋಲಿಸಬೇಕು. 17 ಅಕ್ಷರ-ಅಂಕಿಗಳಲ್ಲಿ ಒಂದು ಓರೆಯಾಗಿದ್ದರೂ, ಸುತ್ತ ಉಜ್ಜಿದ ಗುರುತಿದ್ದರೂ ಆ ವಾಹನವನ್ನು ಬಿಟ್ಟುಬಿಡುವುದು ಲೇಸು. ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಎಫ್‌ಸಿ, ವಿಮೆ, ತೆರಿಗೆಯ ಅವಧಿ ಹಾಗೂ ಸಾಲದ ನಮೂದನ್ನು ನೋಡಬಹುದು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಸಾಲ ಕೊಟ್ಟ ಸಂಸ್ಥೆ ಸಹಿ ಮಾಡಿದ ನಮೂನೆ 35 ಬೇಕು. ಇ-ಚಲನ್ ಬಾಕಿಯನ್ನೂ ಪರಿಶೀಲಿಸಿ. ಹೊರ ರಾಜ್ಯದ ವಾಹನವಾದರೆ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡ ಕೊಡಬಾರದು.

ವಯಸ್ಸಿನ ಲೆಕ್ಕವನ್ನು ಅನೇಕರು ಮರೆಯುತ್ತಾರೆ. ರಾಷ್ಟ್ರೀಯ ಪರವಾನಗಿಯು ಸಾಮಾನ್ಯ ಲಾರಿಗೆ 12 ವರ್ಷ, ಬಹು ಆಕ್ಸಲ್ ಲಾರಿಗೆ 15 ವರ್ಷದವರೆಗೆ ಮಾತ್ರ. 11 ವರ್ಷದ ಸಾಮಾನ್ಯ ಲಾರಿಗೆ ನಾಲ್ಕು ವರ್ಷದ ಕಂತು ಕಟ್ಟಿಕೊಂಡವರು ಮೂರು ವರ್ಷ ಹೊರ ರಾಜ್ಯದ ಬಾಡಿಗೆಯಿಲ್ಲದೆ ಕಂತು ತೀರಿಸಬೇಕಾಗುತ್ತದೆ. ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ಎಫ್‌ಸಿ ಪ್ರತಿ ವರ್ಷ ಬೇಕೆಂಬುದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಈ ಭಾಗದ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಒಂದೇ ಸರಕನ್ನು ನಂಬಿ ಕೊಳ್ಳುವವರು ಬಾಡಿಗೆಯಿಲ್ಲದ ಮೂರು ತಿಂಗಳ ಕಂತನ್ನಾದರೂ ಕೈಯಲ್ಲಿಟ್ಟುಕೊಂಡೇ ವ್ಯವಹಾರಕ್ಕೆ ಕೂರುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಹಣವನ್ನು ಬ್ಯಾಂಕ್ ಮೂಲಕವೇ ನೀಡಿ, ನಮೂನೆ 29 ಮತ್ತು 30ಕ್ಕೆ ಮಾರಾಟಗಾರರ ಸಹಿಯನ್ನು ಅದೇ ದಿನ ಪಡೆಯಿರಿ. ಖರೀದಿದಾರರು 30 ದಿನದೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬೆಲೆಯ ಒಂದು ಭಾಗವನ್ನು ಉಳಿಸಿಕೊಳ್ಳುವ ಷರತ್ತನ್ನು ಕರಾರು ಪತ್ರದಲ್ಲಿಯೇ ಬರೆಸಿಕೊಳ್ಳತಕ್ಕದ್ದು.